ಹಳೆಯ ಆಟ-ಕೂಟದ ಕ್ಯಾಸೆಟ್ ಕಂಪ್ಯೂಟರಿಗೆ ಇಳಿಸಿ ಹಂಚಬಹುದಾ? ಹಕ್ಕು ಯಾರದ್ದು?

ಪೆರ್ಲದ ಕೇಳುಗ

ನಮಸ್ಕಾರ. ಯಕ್ಷಗಾನದ ತೆಂಕುತಿಟ್ಟಿನ (ತೆಂಕು ಸೀಮೆಯ ಶೈಲಿ) ಆಟ, ಮತ್ತೆ ವೇಷ ಇಲ್ಲದೆ ಕೂತು ಪದ್ಯ, ಮಾತಿನಲ್ಲೇ ಕಥೆ ನಡೆಸುವ ತಾಳಮದ್ದಳೆ (ಕೂಟ), ಇವುಗಳ ಸುಮಾರು 140 ಕ್ಯಾಸೆಟ್ ಉಂಟು. ನಾಲ್ಕು ಬಗೆ ಅಂತ ವಿಂಗಡಿಸಿದ್ದೇನೆ. ಅಂಗಡಿಯಲ್ಲಿ ಮಾರುತ್ತಿದ್ದ, ಅಚ್ಚಾದ ಹೊದಿಕೆ ಇರುವ ಕಂಪೆನಿ ಕ್ಯಾಸೆಟ್‌ಗಳು (1983ರಿಂದ 1999ರವರೆಗೆ). ಮಂಗಳೂರು ಆಕಾಶವಾಣಿಯಲ್ಲಿ ಬಂದದ್ದನ್ನು ಮನೆಯಲ್ಲೇ ಹಿಡಿದವು. ನಮ್ಮ ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಎಡನೀರು ಕಡೆಯ ಕೂಟಗಳಲ್ಲಿ ಟೇಪ್‌ರೆಕಾರ್ಡರ್ ಇಟ್ಟು ರೆಕಾರ್ಡ್ ಮಾಡಿದವು. ಮತ್ತೆ ಕಾಪಿಯ ಕಾಪಿ, ಮೂಲ ಎಲ್ಲಿಯದ್ದೋ ದೇವರಿಗೇ ಗೊತ್ತು.

ಇದನ್ನೆಲ್ಲ ಕಂಪ್ಯೂಟರಿಗೆ ಇಳಿಸಿ 1,200 ಜನ ಇರುವ ಟೆಲಿಗ್ರಾಂ ಬಳಗಕ್ಕೂ ಯೂಟ್ಯೂಬಿಗೂ ಹಾಕುವ ಅಂತ ಯೋಚನೆ. ದುಡ್ಡು ಮಾಡುವ ಉದ್ದೇಶ ಇಲ್ಲ. ಪರೀಕ್ಷೆಗೆಂದು ಒಂದು ಕಂಪೆನಿ ಕ್ಯಾಸೆಟ್ ಹಾಕಿದ್ದಕ್ಕೆ ಎರಡೇ ಗಂಟೆಯಲ್ಲಿ ಕಾಪಿರೈಟ್ ಕ್ಲೇಮ್ ಬಂತು. ಆ ಕಂಪೆನಿ ಬಾಗಿಲು ಹಾಕಿ ಎಷ್ಟೋ ಕಾಲ ಆಯಿತು, ಕ್ಲೇಮ್ ಹಾಕಿದವರು ಬೇರೆ ಯಾರೋ.

ಕೇಳಬೇಕಾದ್ದು ಇಷ್ಟು. ಯಾವುದನ್ನು ಹಂಚಬಹುದು, ಯಾವುದನ್ನು ಹಂಚಬಾರದು? ಮುಚ್ಚಿದ ಕಂಪೆನಿಯ ಕ್ಯಾಸೆಟಿಗೆ ದಿಕ್ಕು ಯಾರು? ಅನುಮತಿ ಕೇಳುವುದಾದರೆ ಯಾರ ಹತ್ತಿರ, ಹೇಗೆ? ಹದಿನೈದಿಪ್ಪತ್ತರಲ್ಲಿ ಬಿಳಿ ಬೂಷ್ಟು ಬಂದಿದೆ, ಅವನ್ನು ಹಾಕ್ಲಿಕ್ಕೆ ಹೆದರಿಕೆ ಆಗ್ತದೆ, ಅದಕ್ಕೂ ದಾರಿ ಹೇಳಿ.

---

ಕಲಂ ಐವತ್ತೆರಡು

ಪೆರ್ಲದವರೇ, "ಈ ಕ್ಯಾಸೆಟಿನ ಹಕ್ಕು ಯಾರದ್ದು" ಎಂದು ಒಟ್ಟಾಗಿ ಕೇಳಿದರೆ ಉತ್ತರ ಸಿಗುವುದಿಲ್ಲ. ಒಂದು ತಾಳಮದ್ದಳೆ ಕ್ಯಾಸೆಟಿನಲ್ಲಿ ನಾಲ್ಕು ಹಕ್ಕು ಒಂದರ ಮೇಲೊಂದು ಕೂತಿರುತ್ತವೆ. ಪ್ರಸಂಗದ (ಹಾಡುವ ಕಥೆಯ) ಪದ್ಯ, ಅರ್ಥಧಾರಿಯ (ಪಾತ್ರವಾಗಿ ಮಾತಾಡುವವರ) ಮಾತು, ಕಲಾವಿದರ ಪ್ರದರ್ಶನ, ಧ್ವನಿಮುದ್ರಣ. ನಾಲ್ಕಕ್ಕೂ ಅವಧಿ ಬೇರೆ, ಯಜಮಾನರು ಬೇರೆ. ನಿಮ್ಮ ಸ್ವಂತದ್ದು ಆ ಪ್ಲಾಸ್ಟಿಕ್ ಡಬ್ಬಿ ಮತ್ತು ರೀಲು ಮಾತ್ರ.

ಪದ್ಯದಿಂದ ಶುರು ಮಾಡುವ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಕವಿ ತೀರಿಕೊಂಡ ಮರುವರ್ಷದ ಜನವರಿ 1ರಿಂದ 60 ವರ್ಷ ಹಕ್ಕು ಇರುತ್ತದೆ. ಕುಂಬಳೆ ಸೀಮೆಯ ಪಾರ್ತಿಸುಬ್ಬನ ಹೆಸರಿನಲ್ಲಿರುವ ರಾಮಾಯಣ ಪ್ರಸಂಗಗಳಿಗೆ ಯಾರ ಅಪ್ಪಣೆಯೂ ಬೇಡ. ಆದರೆ ಕ್ಯಾಸೆಟ್ ಕಾಲದ ಹೊಸ ಪ್ರಸಂಗಗಳು, ಅದರಲ್ಲೂ ತುಳು ಪ್ರಸಂಗಗಳು, ಹೆಚ್ಚಿನವು ಹಕ್ಕಿನ ಒಳಗೇ ಇವೆ. ಕವಿ 1975ರಲ್ಲಿ ತೀರಿಕೊಂಡಿದ್ದರೆ 2035ರ ಡಿಸೆಂಬರ್ 31ರವರೆಗೆ ಲೆಕ್ಕ. ಬದುಕಿರುವವರದ್ದಾದರೆ ಲೆಕ್ಕ ಶುರುವೇ ಆಗಿಲ್ಲ.

ಎರಡನೆಯದ್ದು ಅರ್ಥ, ಅಂದರೆ ಅರ್ಥಧಾರಿ ಆಡುವ ಮಾತು. ಇದನ್ನೇ ಎಲ್ಲರೂ ಮರೆಯುವುದು. ಅರ್ಥ ಬರೆದು ಓದಿದ್ದಲ್ಲ, ಆ ಹೊತ್ತಿಗೆ ಹುಟ್ಟಿದ್ದು, ಹಾಗಾಗಿ ಅದಕ್ಕೆ ಒಡೆಯನಿಲ್ಲ ಎಂದು ಭಾವಿಸುವವರೇ ಹೆಚ್ಚು. ಕಲಂ 17(ಸಿಸಿ) ಹೇಳುವುದು ಬೇರೆ: ಸಾರ್ವಜನಿಕವಾಗಿ ಮಾಡಿದ ಭಾಷಣದ ಮೊದಲ ಹಕ್ಕುದಾರ ಮಾತಾಡಿದವನೇ. ತಾಳಮದ್ದಳೆಯ ಅರ್ಥವನ್ನು ಈ ಕಲಮಿನ ಒಳಗೆ ಇಟ್ಟು ನೋಡುವುದೇ ಸರಿ ಎಂಬುದು ನನ್ನ ಓದು. ರೆಕಾರ್ಡ್ ಆದ ಕ್ಷಣ ಆ ಮಾತು ಒಂದು ರೂಪದಲ್ಲಿ ನಿಂತಿತಲ್ಲ. ಹಾಗೆ ಹಿಡಿದರೆ, 2006ರಲ್ಲಿ ತೀರಿಕೊಂಡ ಶೇಣಿ ಗೋಪಾಲಕೃಷ್ಣ ಭಟ್ಟರ ಅರ್ಥದ ಮೇಲಿನ ಹಕ್ಕು 2066ರ ಕೊನೆಯವರೆಗೆ ಅವರ ವಾರಸುದಾರರದ್ದು. ಪದ್ಯ ಪಾರ್ತಿಸುಬ್ಬನದ್ದಾದರೂ ಈ ಪದರ ಕಳಚುವುದಿಲ್ಲ.

ಮೂರನೆಯದ್ದು ಪ್ರದರ್ಶಕರ ಹಕ್ಕು. ಭಾಗವತರು (ಪದ್ಯ ಹಾಡುವವರು), ಚೆಂಡೆ-ಮದ್ದಳೆಯವರು, ಅರ್ಥಧಾರಿಗಳು ಎಲ್ಲರಿಗೂ ಸಲ್ಲುತ್ತದೆ. 1994ರ ತಿದ್ದುಪಡಿಯಿಂದ ಬಂದು 1995ರ ಮೇ 10ರಂದು ಜಾರಿಯಾದದ್ದು. ಮೊದಲು 25 ವರ್ಷ ಇತ್ತು, 1999ರ ತಿದ್ದುಪಡಿಯಲ್ಲಿ 50 ಆಯಿತು. 1998ರ ಕೂಟಕ್ಕೆ 2048ರ ಕೊನೆಯವರೆಗೆ. ನಾವು ನಮಗೆ ಕೇಳಲಿಕ್ಕೆ ರೆಕಾರ್ಡ್ ಮಾಡಿದರೆ ತಪ್ಪಲ್ಲ, ಕಲಂ 39 ಅದನ್ನು ಬಿಟ್ಟುಕೊಟ್ಟಿದೆ. ಅದನ್ನೇ ಊರಿಗೆಲ್ಲ ಹಂಚಿದರೆ ಆ ವಿನಾಯಿತಿ ಅಲ್ಲಿಗೇ ಮುಗಿಯಿತು.

ನಾಲ್ಕನೆಯದ್ದು ಧ್ವನಿಮುದ್ರಣ. ಪ್ರಕಟವಾದ ಮರುವರ್ಷದಿಂದ 60 ವರ್ಷ. 1964ರಲ್ಲಿ ಹೊರಬಂದ ಗ್ರಾಮಫೋನ್ ತಟ್ಟೆಯ ಹಕ್ಕು 2024ರ ಡಿಸೆಂಬರ್ 31ಕ್ಕೆ ಮುಗಿದಿದೆ. 1983ರ ಕ್ಯಾಸೆಟಿನದ್ದು 2043ರವರೆಗೆ. ಅಂದರೆ ನಿಮ್ಮ ಮೊದಲ ಬಗೆಯಲ್ಲಿ ಒಂದೇ ಒಂದೂ ಮುಕ್ತವಾಗಿಲ್ಲ. ಮೂರನೆಯ ಬಗೆಯಲ್ಲಿ ರೆಕಾರ್ಡ್ ಮಾಡಿದವರೇ ಧ್ವನಿಮುದ್ರಣದ ನಿರ್ಮಾಪಕರು. ಪ್ರಕಟವೇ ಆಗದಿದ್ದರೆ, ಕಲಂ 27ರ ಮಾತಿನಂತೆ, ಆ 60 ವರ್ಷ ಶುರುವೇ ಆಗುವುದಿಲ್ಲ. ಆದರೆ ಧ್ವನಿಮುದ್ರಣ ನಿಮ್ಮದಾದ ಮಾತ್ರಕ್ಕೆ ಅದರೊಳಗಿನ ಅರ್ಥ ನಿಮ್ಮದಾಗಲಿಲ್ಲ.

ಆಕಾಶವಾಣಿಯದ್ದು ಸ್ವಲ್ಪ ಮೋಸದ ಲೆಕ್ಕ. ಪ್ರಸಾರದ ಹಕ್ಕಿಗೆ 25 ವರ್ಷ ಮಾತ್ರ, 1985ರ ಪ್ರಸಾರದ್ದು 2010ಕ್ಕೆ ಮುಗಿದಿದೆ. ಇದನ್ನು ಓದಿ "ರೇಡಿಯೋದ್ದೆಲ್ಲ ಫ್ರೀ" ಎಂದು ಹಾಕಿದವರಿದ್ದಾರೆ. ಪ್ರಸಾರದ ಹಕ್ಕು ಮುಗಿದರೂ ಸ್ಟುಡಿಯೋದಲ್ಲಿ ಅವರು ಮಾಡಿಟ್ಟ ಧ್ವನಿಮುದ್ರಣದ ಹಕ್ಕು, ಅರ್ಥದ ಹಕ್ಕು ಹಾಗೇ ಉಳಿಯುತ್ತವೆ.

ನಿಮ್ಮ ಕ್ಯಾಸೆಟನ್ನು ನಿಮಗೆ ಕೇಳಲಿಕ್ಕೆ, ಅಧ್ಯಯನಕ್ಕೆ ಕಂಪ್ಯೂಟರಿಗೆ ಇಳಿಸುವುದು ಕಲಂ 52(1)(ಎ)ಯ ಖಾಸಗಿ ಬಳಕೆಯಲ್ಲಿ ಬರುತ್ತದೆ, ಅದಕ್ಕೆ ಹೆದರಬೇಡಿ. 1,200 ಜನರ ಬಳಗವನ್ನು ಯಾವ ನ್ಯಾಯಾಧೀಶರೂ ಖಾಸಗಿ ಎಂದು ಒಪ್ಪಲಿಕ್ಕಿಲ್ಲ. ಲಾಭಕ್ಕಲ್ಲ ಎಂಬುದು ಶಿಕ್ಷೆಯನ್ನು ಇಳಿಸಬಹುದೇ ಹೊರತು ತಪ್ಪನ್ನು ಅಳಿಸುವುದಿಲ್ಲ. ಕಲಂ 63ರಲ್ಲಿ 6 ತಿಂಗಳಿಂದ 3 ವರ್ಷ ಸಜೆ, 50,000ದಿಂದ 2 ಲಕ್ಷ ರೂಪಾಯಿ ದಂಡ. ಪೊಲೀಸರು ವಾರಂಟಿಲ್ಲದೆ ಕ್ರಮ ಕೈಗೊಳ್ಳಬಹುದಾದ ಅಪರಾಧ ಇದು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಇನ್ನೊಂದು: ನಾವು ಕೇರಳದಲ್ಲಿದ್ದೇವೆ, ಕಂಪೆನಿ ಕರ್ನಾಟಕದ್ದು, ಇಲ್ಲಿಗೆ ಯಾರು ಬರುತ್ತಾರೆ ಎಂಬ ಮಾತು ಆಗಾಗ ಕೇಳುತ್ತದೆ. ಅವರು ಇಲ್ಲಿಗೆ ಬರಬೇಕಾಗಿಯೇ ಇಲ್ಲ. ಕಲಂ 62ರ ಪ್ರಕಾರ ದಾವೆ ಹೂಡುವವರು ತಾವು ವಾಸಿಸುವ ಅಥವಾ ವ್ಯವಹಾರ ನಡೆಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ಹೂಡಬಹುದು. ತಲಪಾಡಿ ಗೇಟು ದಾಟಿ ಓಡಾಡಬೇಕಾದವರು ನೀವು.

---

ರೀಲುಸುತ್ತು

ಕಾಯ್ದೆ ಅವರು ಹೇಳಿದ್ರು, ನಾನು ರೀಲಿನದ್ದು ಹೇಳ್ತೇನೆ. ಹಂಚಲಿಕ್ಕೆ ಆಗದಿದ್ದರೂ ಇಳಿಸುವುದನ್ನು ಈ ಮಳೆಗಾಲದ ಮೊದಲೇ ಮಾಡಿ.

ಎಲ್ಲಕ್ಕಿಂತ ಮುಂಚೆ 140 ಕ್ಯಾಸೆಟಿನದ್ದೂ ಬೆನ್ನಿನ ಎರಡೆರಡು ಚಕ್ಕೆ ಮುರಿದು ಹಾಕಿ. ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಮತ್ತೆ ಅಳಿಯುವುದಿಲ್ಲ. ಐದು ನಿಮಿಷದ ಕೆಲಸ ಅಂತ ನಾಳೆಗೆ ಇಡಬೇಡಿ.

ಬೂಷ್ಟು ಬಂದದ್ದನ್ನು ಬೇರೆ ಮಾಡಿ. ಅದನ್ನು ಒಳ್ಳೆಯ ಡೆಕ್ಕಿಗೆ (ಕ್ಯಾಸೆಟ್ ಬಾರಿಸುವ ಯಂತ್ರಕ್ಕೆ) ಹಾಕಿದರೆ ಅದೇ ಡೆಕ್ಕಿನಿಂದ ಉಳಿದ 120ಕ್ಕೂ ಹಬ್ಬುತ್ತದೆ. ಗಾಳಿ ಆಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಮೂರು ದಿನ ಇಡಿ, ಒಣಗಿದರೆ ಬೂಷ್ಟು ಪುಡಿ ಆಗ್ತದೆ. ಬಿಸಿಲಿಗೆ ಇಡಬೇಡಿ, ಡಬ್ಬಿ ಬಾಗಿ ರೀಲು ಉಜ್ಜುತ್ತದೆ. ಮತ್ತೆ ಹೊರಗೆ, ಜಗಲಿಯಲ್ಲಿ, ಮಾಸ್ಕ್ ಹಾಕಿಕೊಂಡು, ಹಾಳಾದರೂ ಬೇಸರ ಇಲ್ಲದ ಒಂದು ಹಳೆಯ ಟೇಪ್‌ರೆಕಾರ್ಡರಿನಲ್ಲಿ ಈ ತುದಿಯಿಂದ ಆ ತುದಿಗೆ ಸುತ್ತಿ. ಸುತ್ತುವಾಗ ರೀಲಿಗೆ ಮೆತ್ತಗೆ ತಾಗುವ ಹಾಗೆ ನಯವಾದ, ನೂಲು ಬಿಡದ ಬಟ್ಟೆ ಹಿಡಿಯಿರಿ. ಒತ್ತಬೇಡಿ. ಸಿ-60 (60 ನಿಮಿಷದ) ರೀಲಿನ ದಪ್ಪ ಸುಮಾರು 18 ಮೈಕ್ರಾನ್, ಸಿ-90ರದ್ದು 12, ಸಿ-120ರದ್ದು 9. ಸಿ-120 ಎಳೆದರೆ ಹಿಗ್ಗುತ್ತದೆ, ಹಿಗ್ಗಿದ್ದು ಮತ್ತೆ ಸರಿ ಆಗುವ ಪ್ರಶ್ನೆ ಇಲ್ಲ.

ರೀಲನ್ನು ಹೆಡ್ಡಿಗೆ (ರೀಲಿನ ಧ್ವನಿ ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡು ಹೆಚ್ಚಿನ ಹಳೆ ಕ್ಯಾಸೆಟಿನಲ್ಲಿ ಅಂಟು ಬಿಟ್ಟು ಬಿದ್ದಿರುತ್ತದೆ. ಧ್ವನಿ ಏಳುವುದು ಬೀಳುವುದು ಆದರೆ ಮೊದಲು ಅಲ್ಲಿ ನೋಡಿ. ಐದು ಸ್ಕ್ರೂ ಇರುವ ಒಂದು ಖಾಲಿ ಕ್ಯಾಸೆಟ್ ಬಿಚ್ಚಿ ಅದರ ಡಬ್ಬಿಗೆ ರೀಲನ್ನು ವರ್ಗಾಯಿಸಿದರೆ ಕೆಲಸ ಆಯ್ತು. ಅಂಟಿಸಿ ಮುಚ್ಚಿದ ಡಬ್ಬಿ ಆದರೆ ಅಂಚಿನ ಗೆರೆಯಲ್ಲಿ ಬ್ಲೇಡು ಹಾಕಿ ಒಡೆಯಬೇಕು. ತುಂಡಾದ ರೀಲಿಗೆ ಸೆಲ್ಲೋಟೇಪ್ ಹಾಕಲೇಬೇಡಿ, ಅದರ ಅಂಟು ನಮ್ಮ ಸೆಖೆಗೆ ಕರಗಿ ಮುಂದಿನ ಸುತ್ತಿಗೆ ಹಿಡಿಯುತ್ತದೆ. ಸ್ಪ್ಲೈಸಿಂಗ್ ಟೇಪ್ ಅಂತಲೇ ಬೇರೆ ಸಿಗ್ತದೆ.

ಡೆಕ್ಕಿನ ಹೆಡ್ಡನ್ನು 99 ಶೇಕಡಾ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಹತ್ತಿಕಡ್ಡಿ ಅದ್ದಿ ಉಜ್ಜಿ, ಐದು ಕ್ಯಾಸೆಟಿಗೊಮ್ಮೆ. ಕಡ್ಡಿ ಕಂದು ಬಣ್ಣ ಬರುವುದು ನಿಂತರೆ ಸಾಕು.

ಆನ್‌ಲೈನಿನಲ್ಲಿ ಬರುವ ಅಗ್ಗದ ಯುಎಸ್‌ಬಿ ವಾಕ್‌ಮನ್ ಬೇಡ ಮಾರಾಯ್ರೇ. ಅದರ ಮೋಟರು ಓಲಾಡುತ್ತದೆ, ಭಾಗವತರ ಶ್ರುತಿ ತೊಟ್ಟಿಲು ತೂಗಿದ ಹಾಗೆ ಕೇಳುತ್ತದೆ. ಹಳೆಯ ಡೆಕ್ಕಿನ ಲೈನ್ ಔಟ್‌ನಿಂದ ಒಂದು ಸಾಧಾರಣ ಆಡಿಯೋ ಇಂಟರ್‌ಫೇಸಿನ ಲೈನ್ ಇನ್‌ಗೆ ತಂತಿ ಎಳೆಯಿರಿ. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಕೊಡಬೇಡಿ, ಅದು ತನ್ನಷ್ಟಕ್ಕೇ ಧ್ವನಿ ಏರಿಸಿ ಇಳಿಸಿ ಮಾಡ್ತದೆ. 48 ಕಿಲೊಹರ್ಟ್ಸ್, 24 ಬಿಟ್, ಸ್ಟೀರಿಯೋ ಧಾರಾಳ ಸಾಕು. ಸಿ-90 ಒಂದಕ್ಕೆ ವೇವ್ ಫೈಲು ಸುಮಾರು 1.55 ಜಿಬಿ ಆಗ್ತದೆ. ಲೆವೆಲ್ ಇಡುವುದು ಅರ್ಥದ ಜಾಗ ನೋಡಿ ಅಲ್ಲ, ಏರುಪದ್ಯದಲ್ಲಿ ಚೆಂಡೆ ಬೀಳುವ ಜಾಗ ನೋಡಿ. ಅಲ್ಲಿ ಮುಳ್ಳು ಮೈನಸ್ 10 ಡಿಬಿ ದಾಟದಿರಲಿ.

ಈಗ ಮುಖ್ಯ ವಿಷಯ. ಹೆಡ್ಡಿನ ಪಕ್ಕ ಸ್ಪ್ರಿಂಗ್ ಇರುವ ಒಂದು ಸಣ್ಣ ಸ್ಕ್ರೂ ಉಂಟು, ಅದು ಹೆಡ್ಡಿನ ಓರೆ ಸರಿ ಮಾಡುವುದು. ರೆಕಾರ್ಡ್ ಮಾಡಿದ ಮಿಶಿನ್ನಿನ ಹೆಡ್ ಎಷ್ಟು ಓರೆ ಇತ್ತೋ ಅಷ್ಟೇ ಓರೆ ನಿಮ್ಮದೂ ಇದ್ದರೆ ಮಾತ್ರ ಚಕ್ರತಾಳದ ಕಿಣಿಕಿಣಿ ಸರಿಯಾಗಿ ಬರುವುದು. ಮೊದಲು ಈಗಿನ ಜಾಗಕ್ಕೆ ನೈಲ್‌ಪಾಲಿಷಿನಲ್ಲಿ ಗುರುತು ಹಾಕಿ. ಎಡ-ಬಲ ಎರಡನ್ನೂ ಕೂಡಿಸಿ ಮೋನೋ ಮಾಡಿ ಕೇಳುತ್ತ, ಆಚೀಚೆ ಹೆಚ್ಚೆಂದರೆ ಕಾಲು ಸುತ್ತು ತಿರುಗಿಸಿ, ತಾಳದ ಸದ್ದು ಅತಿ ಚೂಪಾಗುವ ಜಾಗದಲ್ಲಿ ಬಿಡಿ. ಕೂಟದ ರೆಕಾರ್ಡಿಂಗೆಲ್ಲ ಮೂಲದಲ್ಲೇ ಮೋನೋ, ಆದರೂ ಸ್ಟೀರಿಯೋದಲ್ಲೇ ಇಳಿಸಿ, ಮತ್ತೆ ಎರಡರಲ್ಲಿ ಒಳ್ಳೆಯ ಚಾನೆಲ್ ಒಂದನ್ನು ಇಟ್ಟುಕೊಳ್ಳಿ. ಓರೆ ತಪ್ಪಿದ್ದಾಗ ಎರಡನ್ನೂ ಕೂಡಿಸಿದರೆ ಒಂದರ ಮೇಲುಸ್ವರವನ್ನು ಇನ್ನೊಂದು ಕಡಿದು ಹಾಕ್ತದೆ, ಕಂಬಳಿ ಹೊದೆಸಿದ ಹಾಗೆ ಆಗ್ತದೆ. ನೀವು ಕಾಪಿಯ ಕಾಪಿ ಅಂದಿರಲ್ಲ, ಅವು ಮಂಕಾಗಿರುವುದು ಅರ್ಧಕ್ಕರ್ಧ ಇದೇ ಕಾರಣಕ್ಕೆ.

ಬ್ಯಾಟರಿ ಇಳಿದ ಟೇಪ್‌ರೆಕಾರ್ಡರಿನಲ್ಲಿ ಹಿಡಿದದ್ದು ಈಗ ಬೇಗ ಓಡುತ್ತದೆ, ಹಾರ್ಮೋನಿಯಂ ಲೆಕ್ಕದ ಕಪ್ಪು ಮೂರಿನ ಶ್ರುತಿ ಕಪ್ಪು ನಾಲ್ಕಾಗಿರುತ್ತದೆ. ಕಿವಿ ಅಂದಾಜಿನಲ್ಲಿ ಸರಿ ಮಾಡಬೇಡಿ, ಸಾಕ್ಷಿ ರೀಲಿನಲ್ಲೇ ಇರುತ್ತದೆ. ಮೈಕ್ ಸೆಟ್ಟಿನ ಗುಂಯ್ ಸದ್ದು ಕರೆಂಟಿನದ್ದು, 50 ಹರ್ಟ್ಸ್. ಅಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಯಾರೂ ಮಾತಾಡದ, ಚೆಂಡೆ ಇಲ್ಲದ ಜಾಗ ಆರಿಸಿ, ಪ್ಲಾಟ್ ಸ್ಪೆಕ್ಟ್ರಮ್ ತೆರೆದು ಸೈಜ್ 65536 ಇಡಿ. 48 ಕಿಲೊಹರ್ಟ್ಸಿನಲ್ಲಿ 0.73 ಹರ್ಟ್ಸಿನಷ್ಟು ಸೂಕ್ಷ್ಮ ಕಾಣ್ತದೆ. ಅಲ್ಲಿ ಗುಡ್ಡೆ 52ರಲ್ಲಿ ಕಂಡರೆ ವೇಗವನ್ನು ಮೈನಸ್ 3.85 ಶೇಕಡಾ ಮಾಡಿ. ಶ್ರುತಿ ಮಾತ್ರ ಇಳಿಸುವ ಆಯ್ಕೆ ಅಲ್ಲ, ವೇಗ ಮತ್ತು ಶ್ರುತಿ ಒಟ್ಟಿಗೆ ಇಳಿಯಬೇಕು. ಬೆಳಗಿನ ಜಾವದ ಹೊತ್ತಿಗೆ ಬ್ಯಾಟರಿ ಇನ್ನೂ ಇಳಿದಿರುತ್ತದೆ, ಹಾಗಾಗಿ ಪ್ರತಿ ಕ್ಯಾಸೆಟಿಗೂ ಬೇರೆ ಬೇರೆ ನೋಡಬೇಕು. ಅದೇ ಮಿಶಿನ್ನಿನಲ್ಲಿ ಮೂಡುವ ಡೆಕ್ಕಿನ ಸ್ವಂತ ಗುಂಯ್ ಕೂಡ 50ರಲ್ಲಿ ನಿಂತಿರುತ್ತದೆ, ಎರಡು ಗುಡ್ಡೆ ಕಂಡರೆ ಗಾಬರಿ ಬೇಡ, ಸರಿದದ್ದೇ ರೀಲಿನದ್ದು.

ನಾಯ್ಸ್ ರಿಡಕ್ಷನ್ 6 ಡಿಬಿಗಿಂತ ಹೆಚ್ಚು ಹಾಕಿದರೆ ಶ್ರುತಿಪೆಟ್ಟಿಗೆಯ ನಾದ ನೀರಿನಡಿಯಿಂದ ಬಂದ ಹಾಗೆ ಆಗ್ತದೆ. ಏನೇ ಮಾಡಿ, ಇಳಿಸಿದ ಕಚ್ಚಾ ಫೈಲನ್ನು ಫ್ಲಾಕ್ (ಗುಣ ಕೆಡದೆ ಕುಗ್ಗುವ ಫೈಲು) ಮಾಡಿ ಬೇರೆ ಎರಡು ಡಿಸ್ಕಿನಲ್ಲಿ ಮುಟ್ಟದೆ ಇಡಿ.

---

ಕಣಿಪುರ

ಕಾಯ್ದೆ ಅಣ್ಣನಿಗೆ ಒಂದು ಪ್ರಶ್ನೆ. ಬರಹದಲ್ಲಿ ಅವಧಿ ಹಾಕದಿದ್ದರೆ ಹಕ್ಕು ಕೊಟ್ಟದ್ದು 5 ವರ್ಷಕ್ಕೆ ಮಾತ್ರ ಅಂತ ಕಲಂ 19ರಲ್ಲಿ ಉಂಟಲ್ಲ? ಆಗಿನ ಕಾಲದಲ್ಲಿ ಕಲಾವಿದರು ವೋಚರಿಗೆ ಒಂದು ರುಜು ಹಾಕಿ ಸಂಭಾವನೆ ತೆಗೆದುಕೊಂಡದ್ದಷ್ಟೆ, ಅವಧಿ ಗಿವಧಿ ಯಾರು ಬರೆದಿದ್ದಾರೆ? ಹಾಗಾದರೆ 1986ರ ಕ್ಯಾಸೆಟಿನ ಹಕ್ಕು 1991ಕ್ಕೇ ಕಲಾವಿದರಿಗೆ ವಾಪಸ್ ಬಂದಿರಬೇಕು. ಕಂಪೆನಿಯನ್ನು ಹುಡುಕುವ ಅಗತ್ಯವೇ ಇಲ್ಲ. ಭಾಗವತರ ಮನೆಯವರನ್ನು ಕೇಳಿ ಹಾಕಿದರೆ ಆಯ್ತು.

---

ಕಲಂ ಐವತ್ತೆರಡು

ಕಣಿಪುರದವರೇ, ಒಳ್ಳೆಯ ಪ್ರಶ್ನೆ, ಆದರೆ ಎರಡು ಕಡೆ ಜಾರುತ್ತದೆ. ಆ 5 ವರ್ಷದ ಮಾತು 1994ರ ತಿದ್ದುಪಡಿಯಲ್ಲಿ ಸೇರಿದ್ದು, ಅದಕ್ಕೂ ಮೊದಲಿನ ಒಪ್ಪಂದಗಳಿಗೆ ಅದು ಅನ್ವಯಿಸುವುದಿಲ್ಲ ಎಂದು ಅದೇ ಕಲಮಿನ 7ನೇ ಉಪಕಲಂ ಹೇಳುತ್ತದೆ. ಎರಡನೆಯದಾಗಿ, ಧ್ವನಿಮುದ್ರಣದ ಹಕ್ಕು ಕಂಪೆನಿಗೆ ಕಲಾವಿದರಿಂದ ಬಂದದ್ದೇ ಅಲ್ಲ. ರೆಕಾರ್ಡಿಂಗಿಗೆ ಮುಂದಾಗಿ ಹೊಣೆ ಹೊತ್ತವನೇ ನಿರ್ಮಾಪಕ, ಹಕ್ಕು ಹುಟ್ಟುವಾಗಲೇ ಅವನದ್ದು. ಕೊಡದೇ ಇದ್ದದ್ದು ವಾಪಸ್ ಬರುವುದು ಹೇಗೆ? ಭಾಗವತರ ಮನೆಯವರ ಒಪ್ಪಿಗೆ ಬೇಕು, ಆದರೆ ಅದೊಂದೇ ಸಾಲದು.

ಕಂಪೆನಿ ಮುಚ್ಚಿದರೆ ಹಕ್ಕು ಸಾಯುವುದಿಲ್ಲ, ಯಾರದೋ ಕೈಗೆ ಹೋಗಿರುತ್ತದೆ. ಏಕವ್ಯಕ್ತಿಯ ಅಂಗಡಿ ಆಗಿದ್ದರೆ ಮಕ್ಕಳಿಗೆ, ಪಾಲುದಾರಿಕೆ ಆಗಿದ್ದರೆ ಪಾಲುದಾರರಿಗೆ, ಎಷ್ಟೋ ಸಲ ಇಡೀ ಕ್ಯಾಟಲಾಗನ್ನು ಬೇರೆ ಕಂಪೆನಿ ಕೊಂಡಿರುತ್ತದೆ. ಪೆರ್ಲದವರಿಗೆ ಬಂದ ಕ್ಲೇಮ್ ಹಾಗೆ ಕೊಂಡವರದ್ದೂ ಇರಬಹುದು. ಹೊದಿಕೆಯ ಮೇಲೆ ನಿರ್ಮಾಪಕರ ಹೆಸರು, ವಿಳಾಸ, ವರ್ಷ ಅಚ್ಚಾಗಿರುತ್ತದೆ, ಅಲ್ಲಿಂದ ಹುಡುಕಿ. ವಿಳಾಸಕ್ಕೆ ರಿಜಿಸ್ಟರ್ಡ್ ಪತ್ರ ಹಾಕಿ, ತಿರುಗಿ ಬಂದ ಲಕೋಟೆಯನ್ನು ಒಡೆಯದೆ ಇಟ್ಟುಕೊಳ್ಳಿ.

ಹುಡುಕಿಯೂ ಸಿಗದಿದ್ದರೆ ಕಲಂ 31ಎ ಉಂಟು. ಹಕ್ಕುದಾರ ಪತ್ತೆಯಿಲ್ಲದ ಕೃತಿಯನ್ನು ಪ್ರಕಟಿಸಲು ಪರವಾನಗಿ ಕೇಳುವ ದಾರಿ. ಮೊದಲು ದೇಶದ ಹೆಚ್ಚಿನ ಭಾಗಕ್ಕೆ ಹೋಗುವ ಇಂಗ್ಲಿಷ್ ದಿನಪತ್ರಿಕೆಯಲ್ಲಿ ಜಾಹೀರಾತು ಕೊಡಬೇಕು, ಮತ್ತೆ ವಾಣಿಜ್ಯ ನ್ಯಾಯಾಲಯಕ್ಕೆ ಅರ್ಜಿ, ನ್ಯಾಯಾಲಯ ಹೇಳಿದಷ್ಟು ರಾಯಧನ ಠೇವಣಿ. ಒಂದು ಕ್ಯಾಸೆಟಿಗೆ ಇದನ್ನು ಮಾಡುವವರಿಲ್ಲ, ಬೇಕಾದರೆ ಐವತ್ತನ್ನು ಒಟ್ಟು ಸೇರಿಸಿ ಒಂದು ಸಂಘದ ಹೆಸರಿನಲ್ಲಿ ಮಾಡಬಹುದು.

ನೀವು ನಿಜವಾಗಿ ಕೈಹಾಕಬೇಕಾದ್ದು ಮೂರನೆಯ ಬಗೆಗೆ, ಊರ ಕೂಟಗಳಿಗೆ. ಅಲ್ಲಿ ಕಂಪೆನಿ ಇಲ್ಲ, ಕಲಾವಿದರೂ ಅವರ ಮನೆಯವರೂ ಹತ್ತಿರದಲ್ಲೇ ಇದ್ದಾರೆ. ಒಪ್ಪಿಗೆ ಬಾಯಿಮಾತಿನದ್ದು ನಿಲ್ಲುವುದಿಲ್ಲ, ಬರಹದಲ್ಲಿ ಬೇಕು. ಒಂದೇ ಪುಟ ಸಾಕು: ಪ್ರಸಂಗ, ದಿನಾಂಕ, ಸ್ಥಳ, ಯಾವ ಪಾತ್ರದ ಅರ್ಥ ಅಥವಾ ಯಾವ ವಾದ್ಯ, ಕೇಳಿಸುವುದಕ್ಕೆ ಮಾತ್ರವೋ ಇಳಿಸಿಕೊಳ್ಳಲಿಕ್ಕೂ ಬಿಡುವುದೋ, ಜಾಹೀರಾತು ಇರುತ್ತದೋ ಇಲ್ಲವೋ. "ಹಕ್ಕಿನ ಪೂರ್ಣ ಅವಧಿಗೆ" ಮತ್ತು "ಅಂತರ್ಜಾಲದ ಮೂಲಕ ಲೋಕದ ಎಲ್ಲೆಡೆ" ಎಂಬ ಎರಡು ಮಾತು ಸೇರಿಸಲೇಬೇಕು. ಬರೆಯದಿದ್ದರೆ ಕಣಿಪುರದವರ ಕಲಂ 19 ಇಲ್ಲಿ ಬಂದು ನಿಲ್ಲುತ್ತದೆ: 5 ವರ್ಷ, ಭಾರತದೊಳಗೆ ಮಾತ್ರ. ಕೊಲ್ಲಿಯಲ್ಲಿ ಕೂತು ಕೇಳುವ ನಮ್ಮವರ ಪಾಲಿಗೆ ಆ ಒಪ್ಪಿಗೆ ಇಲ್ಲದ ಹಾಗೇ. ಕಲಾವಿದರು ತೀರಿಕೊಂಡಿದ್ದರೆ ವಾರಸುದಾರರೆಲ್ಲರ ರುಜು ಬೇಕು, ಮನೆಯಲ್ಲಿರುವ ಮಗನದ್ದು ಮಾತ್ರ ಹಾಕಿಸಿ ಬಂದರೆ ಮುಂಬಯಿಯಲ್ಲಿರುವ ಮಗಳು ಕೇಳಿದಾಗ ಉತ್ತರ ಇರುವುದಿಲ್ಲ.

---

ಚೌಕಿಯ ಮೂಲೆ

ಯೂಟ್ಯೂಬಿನ ಕ್ಲೇಮ್ ಬಗ್ಗೆ. ಕ್ಲೇಮ್ ಬೇರೆ, ಸ್ಟ್ರೈಕ್ (ಚಾನೆಲಿನ ಮೇಲೆಯೇ ಬೀಳುವ ಕಪ್ಪುಚುಕ್ಕೆ) ಬೇರೆ, ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ. ನಿಮಗೆ ಬಂದದ್ದು ಕಂಟೆಂಟ್ ಐಡಿ ಕ್ಲೇಮ್, ಯಂತ್ರ ಹೋಲಿಸಿ ನೋಡಿ ಹಾಕಿದ್ದು. ಅದರಿಂದ ಚಾನೆಲಿಗೆ ಪೆಟ್ಟಿಲ್ಲ, ಜಾಹೀರಾತಿನ ದುಡ್ಡು ಅವರಿಗೆ ಹೋಗಬಹುದು, ಇಲ್ಲವೇ ವಿಡಿಯೋ ತಡೆಹಿಡಿಯಬಹುದು. ಯೂಟ್ಯೂಬ್ ಸ್ಟುಡಿಯೋದಲ್ಲಿ ಆ ವಿಡಿಯೋದ ಎದುರು ಇರುವ ಕಾಪಿರೈಟ್ ಎಂಬಲ್ಲಿ ಒತ್ತಿದರೆ ಯಾರು, ಎಷ್ಟನೇ ನಿಮಿಷದಿಂದ ಎಷ್ಟನೇ ನಿಮಿಷದವರೆಗೆ ಎಂದು ತೋರಿಸುತ್ತದೆ. ಡಿಸ್ಪ್ಯೂಟ್ (ತಕರಾರು) ಹಾಕಿದರೆ ಅವರು 30 ದಿನದೊಳಗೆ ಉತ್ತರಿಸಬೇಕು, ಉತ್ತರ ಬರದಿದ್ದರೆ ಕ್ಲೇಮ್ ಬಿದ್ದುಹೋಗುತ್ತದೆ. ಅವರು ತಳ್ಳಿಹಾಕಿದರೆ ಮೇಲ್ಮನವಿ, ಅದಕ್ಕೆ 7 ದಿನ. ಅಲ್ಲೂ ಅವರು ಬಿಡದೆ ವಿಡಿಯೋ ತೆಗೆಸಿದರೆ ಸ್ಟ್ರೈಕ್. 90 ದಿನದ ಒಳಗೆ ಮೂರು ಬಿದ್ದರೆ ಚಾನೆಲೇ ಹೋಗುತ್ತದೆ, ಅದರೊಟ್ಟಿಗೆ ನೀವು ಒಪ್ಪಿಗೆ ಪಡೆದು ಹಾಕಿದ ಕೂಟಗಳೂ ಹೋಗುತ್ತವೆ.

ಹಾಗಾಗಿ ಕೈಯಲ್ಲಿ ಕಾಗದ ಇದ್ದರೆ ಮಾತ್ರ ಡಿಸ್ಪ್ಯೂಟ್. "ಕಂಪೆನಿ ಮುಚ್ಚಿದೆ", "ನನ್ನದೇ ಕ್ಯಾಸೆಟ್", "ಲಾಭಕ್ಕಲ್ಲ" ಇವು ಮೂರೂ ಕಾರಣವೇ ಅಲ್ಲ. ಎದುರು ಬದಿಯೂ ಯಾವಾಗಲೂ ಸಾಚಾ ಅಂತ ತಿಳಿಯಬೇಡಿ. ಅದೇ ಕ್ಯಾಸೆಟನ್ನು ಇನ್ಯಾರೋ ತಮ್ಮದೆಂದು ಡಿಸ್ಟ್ರಿಬ್ಯೂಟರ್ ಮೂಲಕ ಏರಿಸಿಬಿಟ್ಟಿದ್ದರೂ ಯಂತ್ರಕ್ಕೆ ಅದೇ ಒಡೆಯ. ಕ್ಲೇಮ್ ಹಾಕಿದವರ ಹೆಸರು ಹಾಡಿನ ಆ್ಯಪುಗಳಲ್ಲಿ ಯಾವ ಲೇಬಲ್ಲಿನಡಿ ಕಾಣುತ್ತದೆ, ಅಲ್ಲಿ ಹೊದಿಕೆಯ ಚಿತ್ರ ಮೂಲದ್ದೋ ಬೇರೆಯದ್ದೋ ನೋಡಿ. ಆದರೆ ಅವರೂ ಕಳ್ಳರಾದರೆ ಅದರಿಂದ ನಮಗೆ ಹಕ್ಕು ಬಂದ ಹಾಗೆ ಆಗಲಿಲ್ಲ ಎಂಬುದು ನೆನಪಿರಲಿ.

ವೇಗ 1.03 ಮಾಡಿ ಯಂತ್ರದ ಕಣ್ಣು ತಪ್ಪಿಸುವ ಉಪಾಯ ಕೆಲವರು ಹೇಳಿಕೊಡುತ್ತಾರೆ. ರೀಲುಸುತ್ತಿನವರು ಗುಂಯ್ ಸದ್ದು ಹುಡುಕಿ ಶ್ರುತಿ ಸರಿ ಮಾಡಿದ್ದನ್ನು ಹೀಗೆ ಕೆಡಿಸಿ ಹಾಕುವುದಾದರೆ ಇಳಿಸುವುದೇ ಬೇಡ. ಆ ಕೆಟ್ಟ ಪ್ರತಿಯೇ ಮತ್ತೆ ಹತ್ತು ಕಡೆ ಹಬ್ಬಿ, ಭಾಗವತರ ಶ್ರುತಿ ಇದೇ ಇತ್ತು ಎಂದು ಮುಂದಿನವರು ನಂಬುತ್ತಾರೆ.

ಸಂಗ್ರಾಹಕರು ತಮ್ಮೊಳಗೆ ಕೊಡುವುದು ತೆಗೆದುಕೊಳ್ಳುವುದು ಹೇಗೂ ನಡೆಯುತ್ತದೆ. ಅಲ್ಲಿಯೂ ಎಂಪಿ3 ತಂದು ಫ್ಲಾಕ್ ಮಾಡಿ "ಒರಿಜಿನಲ್" ಎನ್ನುವವರಿದ್ದಾರೆ. ಸ್ಪೆಕ್ಟ್ರಮ್ ನೋಡಿ ಗುರುತಿಸುವುದು ಕ್ಯಾಸೆಟಿಗೆ ಸ್ವಲ್ಪ ಬೇರೆ ಥರ. ಕ್ಯಾಸೆಟಿನಲ್ಲಿ ಸಂಗೀತ ಹೇಗೂ 12-14 ಕಿಲೊಹರ್ಟ್ಸಿನ ಮೇಲೆ ಇರುವುದಿಲ್ಲ, ಅದು ಇಲ್ಲ ಎಂದು ದೂರಬೇಡಿ. ರೀಲಿನ ಸುಯ್ ಸದ್ದನ್ನು ನೋಡಿ. ನಿಜವಾದ ಇಳಿಕೆಯಲ್ಲಿ ಸುಯ್ ಸದ್ದು ಮೇಲಿನವರೆಗೆ ನಿಧಾನ ತೆಳುವಾಗುತ್ತದೆ. 128 ಕೆಬಿಪಿಎಸ್‌ನ ಎಂಪಿ3ಯಿಂದ ಬಂದದ್ದಾದರೆ 16 ಕಿಲೊಹರ್ಟ್ಸಿನಲ್ಲಿ ಗೋಡೆ ಕಟ್ಟಿದ ಹಾಗೆ ಸುಯ್ ನಿಂತುಹೋಗುತ್ತದೆ.

---

ಪೆರ್ಲದ ಕೇಳುಗ

ಎಲ್ಲರಿಗೂ ಉಪಕಾರ ಆಯ್ತು. ಕಂಪೆನಿಯದ್ದನ್ನು ಯೂಟ್ಯೂಬಿನಿಂದ ತೆಗೆದೆ. ಎರಡು ಸಂಶಯ ಉಳಿಯಿತು. ಹೊದಿಕೆಗಳ ಸ್ಕ್ಯಾನ್ ಹಾಕಬಹುದಾ? ಒಳ್ಳೊಳ್ಳೆಯ ಚಿತ್ರ ಉಂಟು ಅದರಲ್ಲಿ. ಮತ್ತೆ, ಹಂಚಲಿಕ್ಕೆ ಆಗದ 90 ಕ್ಯಾಸೆಟನ್ನು ಸುಮ್ಮನೆ ಪೆಟ್ಟಿಗೆಯಲ್ಲಿ ಇಡುವುದಾ? ಕೆಲವು 78ರ (ನಿಮಿಷಕ್ಕೆ 78 ಸುತ್ತಿನ) ತಟ್ಟೆಗಳೂ ಉಂಟು, ನಾಟಕದ ಹಾಡುಗಳದ್ದು.

---

ಕಲಂ ಐವತ್ತೆರಡು

ಹೊದಿಕೆಯ ಚಿತ್ರಕ್ಕೂ ಅದನ್ನು ಬಿಡಿಸಿದ ಕಲಾವಿದ ಬದುಕಿರುವಷ್ಟು ಕಾಲ ಮತ್ತು ಆಮೇಲೆ 60 ವರ್ಷದ ಹಕ್ಕು. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿ ನಿಮ್ಮಲ್ಲಿ ಇಡಿ. ಹೊರಗೆ ಹಾಕುವುದಾದರೆ ಪಟ್ಟಿಯೊಂದಿಗೆ, ಯಾವ ಕ್ಯಾಸೆಟ್ ಎಂದು ಗುರುತು ಹಿಡಿಯಲಿಕ್ಕೆ ಸಾಕಾಗುವಷ್ಟು ಸಣ್ಣ ಗಾತ್ರದಲ್ಲಿ, ನಾಲ್ಕು ಸಾಲು ವಿಮರ್ಶೆಯೊಟ್ಟಿಗೆ ಹಾಕಿ. ಅದಕ್ಕೆ ಯಾರೂ ತಕರಾರು ಎತ್ತಲಿಕ್ಕಿಲ್ಲ. ಹೊದಿಕೆಯಲ್ಲಿರುವ ಮಾಹಿತಿಗಂತೂ ಹಕ್ಕೇ ಇಲ್ಲ: ಪ್ರಸಂಗ, ಹಿಮ್ಮೇಳ, ಮುಮ್ಮೇಳ, ಕ್ಯಾಸೆಟ್ ಸಂಖ್ಯೆ, ವರ್ಷ, ಎ ಬದಿಯ ಮೊದಲ ಪದ್ಯ, ಬಿ ಬದಿಯ ಕೊನೆಯ ಪದ್ಯ. ಅದೆಲ್ಲ ಮುಕ್ತವಾಗಿ ಹಾಕಿ. ನಿಜ ಹೇಳಬೇಕೆಂದರೆ ಆ ಪಟ್ಟಿಗೇ ಈಗ ಬರ ಇರುವುದು. ಯಾವ ಕೂಟ ಯಾರಲ್ಲಿ ಉಂಟು ಎಂದು ಯಾರಿಗೂ ಗೊತ್ತಿಲ್ಲ.

ಉಳಿದ 90ಕ್ಕೆ ಕಲಂ 52(1)(ಎನ್) ನೋಡಿ. ಲಾಭದ ಉದ್ದೇಶ ಇಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿ ಮೂಲ ಪ್ರತಿ ಇದ್ದರೆ ರಕ್ಷಣೆಗಾಗಿ ಅದನ್ನು ಡಿಜಿಟಲ್ ಮಾಡಿ ಇಟ್ಟುಕೊಳ್ಳಬಹುದು. ಕೇರಳದಲ್ಲಿ ಲೈಬ್ರರಿ ಕೌನ್ಸಿಲಿಗೆ ಸೇರಿದ ವಾಚನಾಲಯ ಊರೂರಲ್ಲಿ ಉಂಟು, ಈ ಒಂದು ವಿಷಯದಲ್ಲಿ ನಾವು ಆಚೆಯವರಿಗಿಂತ ಅನುಕೂಲದಲ್ಲಿದ್ದೇವೆ. ಫೈಲು ಮಾತ್ರ ಕೊಟ್ಟರೆ ಆಗುವುದಿಲ್ಲ, ಕ್ಯಾಸೆಟನ್ನೇ ಕೊಡಬೇಕು, ಕೊಟ್ಟದ್ದಕ್ಕೆ ಅವರ ದಾಖಲೆ ಪುಸ್ತಕದಲ್ಲಿ ಸಂಖ್ಯೆ ಹಾಕಿಸಿಕೊಳ್ಳಿ. ಆ ಕಲಂ ಹೇಳುವುದು ಇಟ್ಟುಕೊಳ್ಳುವುದನ್ನು ಮಾತ್ರ, ಅಲ್ಲಿಂದ ನೆಟ್ಟಿಗೆ ಏರಿಸುವುದನ್ನಲ್ಲ.

78ರ ತಟ್ಟೆ 1964 ಅಥವಾ ಅದಕ್ಕೂ ಹಿಂದಿನದ್ದಾದರೆ ಧ್ವನಿಮುದ್ರಣದ ಪದರ ಕಳಚಿದೆ. ಹಾಡು ಬರೆದವರು, ರಾಗ ಹಾಕಿದವರು ಯಾವಾಗ ತೀರಿಕೊಂಡರು ಎಂದು ನೋಡಿ. 1970ರಲ್ಲಾದರೆ 2030ರ ಕೊನೆಯವರೆಗೆ ಕಾಯಬೇಕು.

---

ರೀಲುಸುತ್ತು

ತಟ್ಟೆಯನ್ನು ಎಲ್‌ಪಿಯ ಸೂಜಿಯಲ್ಲಿ ಬಾರಿಸಬೇಡಿ. ಎಲ್‌ಪಿಯದ್ದು 0.7 ಮಿಲ್ (ಮಿಲ್ ಅಂದರೆ ಇಂಚಿನ ಸಾವಿರದಲ್ಲೊಂದು ಪಾಲು), 78ಕ್ಕೆ 3 ಮಿಲ್ ಬೇಕು. ಸಣ್ಣ ಸೂಜಿ ತೋಡಿನ ಅಡಿಗೆ ಇಳಿದು ಕಸ ಕೆರೆಯುತ್ತ ಹೋಗ್ತದೆ, ಬರೀ ಪರಪರ ಕೇಳ್ತದೆ. ಮತ್ತೆ, ಕ್ಯಾಸೆಟ್ ಹೆಡ್ಡಿಗೆ ತಂದ ಆಲ್ಕೋಹಾಲ್ ತಟ್ಟೆಗೆ ತಾಗಿಸಲೇಬೇಡಿ. ಅದು ಅರಗಿನದ್ದು, ಕರಗಿ ಹೋಗ್ತದೆ. ತಣ್ಣೀರಿಗೆ ಎರಡು ಹನಿ ಪಾತ್ರೆ ತೊಳೆಯುವ ಸೋಪಿನ ನೀರು ಹಾಕಿ, ನಡುವಿನ ಲೇಬಲ್ ಒದ್ದೆ ಆಗದ ಹಾಗೆ ಒರೆಸಿ, ನೆರಳಿನಲ್ಲಿ ನಿಲ್ಲಿಸಿ ಒಣಗಿಸಿ. ಬೂಷ್ಟು ಬಂದ ಕ್ಯಾಸೆಟಿನ ಪೆಟ್ಟಿಗೆಯೊಟ್ಟಿಗೆ ಇಟ್ಟಿದ್ದರೆ ಇವತ್ತೇ ಬೇರೆ ಮಾಡಿ.